ದುರಸ್ತಿಯೋ, ಹೊಸತೋ? ಖರ್ಚಿನ ನ್ಯಾಯ ಯಾವುದು?

ಮನೆಯ ವಸ್ತುವೊಂದು ಕೆಟ್ಟು ನಿಂತಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ದುರಸ್ತಿಗೆ ಎಷ್ಟು, ಹೊಸತಕ್ಕೆ ಎಷ್ಟು? ಎರಡು ಮೊತ್ತಗಳನ್ನು ಪಕ್ಕಪಕ್ಕದಲ್ಲಿಟ್ಟು ಕಡಿಮೆಯಿರುವುದನ್ನು ಆರಿಸಿಕೊಂಡರೆ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ಇದು ವ್ಯಾಪಾರದ ಲೆಕ್ಕ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಸಂಪತ್ತನ್ನು ಹೇಗೆ ಗಳಿಸಿದೆ, ಯಾವುದಕ್ಕೆ ವ್ಯಯಿಸಿದೆ ಎಂದು ನಾಳೆ ವಿಚಾರಣೆಗೊಳಗಾಗಲಿದ್ದೇನೆ ಎಂದು ನಂಬಿರುವ ಸತ್ಯವಿಶ್ವಾಸಿಗೆ ಇಷ್ಟೇ ಲೆಕ್ಕ ಸಾಕೇ?

ನನ್ನ ಪರಿಚಯದ ಮನೆಯೊಂದರಲ್ಲಿ ಈ ಪ್ರಶ್ನೆ ಒಂದು ಹಳೆಯ ರೆಕಾರ್ಡ್ ಪ್ಲೇಯರಿನ ರೂಪದಲ್ಲಿ ಎದುರಾಯಿತು. ಮನೆಯ ಯಜಮಾನರು ತೀರಿಕೊಂಡು ಒಂದು ವರ್ಷವಾಗಿತ್ತು. 1970ರ ದಶಕದಲ್ಲಿ ಅವರು ಕೊಂಡಿದ್ದ, ಮುಚ್ಚಳವುಳ್ಳ ಪೆಟ್ಟಿಗೆಯಂಥ ಪ್ಲೇಯರ್ ಅದು. ಜೊತೆಯಲ್ಲಿ ಕೊಲ್ಲಿಯಿಂದ ಬಂಧುವೊಬ್ಬರು ತಂದುಕೊಟ್ಟಿದ್ದ ಕೆಲವು ರೆಕಾರ್ಡುಗಳಿದ್ದವು. ಈಜಿಪ್ಟಿನ ಶೈಖ್ ಮಹ್ಮೂದ್ ಖಲೀಲ್ ಅಲ್ ಹುಸರಿಯವರ ಕುರ್‌ಆನ್ ಪಾರಾಯಣದ ರೆಕಾರ್ಡುಗಳು. 1961ರಲ್ಲಿ ಇಡೀ ಕುರ್‌ಆನಿನ ಪಾರಾಯಣ ಮೊತ್ತಮೊದಲ ಬಾರಿಗೆ ರೆಕಾರ್ಡುಗಳಲ್ಲಿ ಹೊರಬಂದದ್ದು ಇವರದೇ ಸ್ವರದಲ್ಲಿ. ಈಗ ಪ್ಲೇಯರ್ ಎಳೆದೆಳೆದು ತಿರುಗುತ್ತಿತ್ತು, ಸ್ವರ ಕರ್ಕಶವಾಗಿತ್ತು. ರಿಪೇರಿಯವನು ನಾಲ್ಕು ಸಾವಿರ ರೂಪಾಯಿ ಹೇಳಿದ. ಅದೇ ರೀತಿಯ ಹೊಸ ಪ್ಲೇಯರ್ ಮೂರೂವರೆ ಸಾವಿರಕ್ಕೆ ಸಿಗುತ್ತಿತ್ತು. ಹಿರಿಯ ಮಗ ದುರಸ್ತಿ ಮಾಡಿಸೋಣ ಎಂದರೆ ಕಿರಿಯವನು ಒಪ್ಪಲಿಲ್ಲ. "ಉಸ್ತಾದರೇ, ಹೊಸತು ಕಡಿಮೆ ಬೆಲೆಗೆ ಸಿಗುವಾಗ ಹಳತಕ್ಕೆ ಹೆಚ್ಚು ಸುರಿಯುವುದು ಇಸ್ರಾಫ್ ಅಲ್ಲವೇ? ಮೂಗಿಗಿಂತ ಮೂಗುತಿ ಭಾರವಾಗಲಿಲ್ಲವೇ?" ಎಂದು ಅವನು ನನ್ನನ್ನು ಕೇಳಿದ.

ಪ್ರಶ್ನೆ ಪ್ರಾಮಾಣಿಕವಾಗಿತ್ತು. ವಾದ್ಯ ಸಂಗೀತದ ಕುರಿತು ವಿದ್ವಾಂಸರಲ್ಲಿರುವ ಭಿನ್ನಾಭಿಪ್ರಾಯ ಇಲ್ಲಿ ನಮ್ಮ ವಿಷಯವಲ್ಲ. ಯಂತ್ರವು ಚಾಕುವಿನಂತೆ ಒಂದು ಸಾಧನ ಮಾತ್ರ. ಅದರಿಂದ ಏನನ್ನು ಕೇಳುತ್ತೇವೆ ಎಂಬುದು ಬೇರೆ ಪ್ರಶ್ನೆ. ಇಲ್ಲಿ ನಾವು ಆಲೋಚಿಸಬೇಕಾದದ್ದು ದುಂದು ಎಂದರೇನು ಎಂಬುದನ್ನು.

ದುಂದು ಯಾವುದು?

ದುರ್ವ್ಯಯದ ಕುರಿತು ಕುರ್‌ಆನ್ ಎರಡು ಪದಗಳನ್ನು ಬಳಸಿದೆ: ಇಸ್ರಾಫ್ ಮತ್ತು ತಬ್ಝೀರ್. ಸಮ್ಮತವಾದ ವಿಷಯದಲ್ಲಿ ಮಿತಿ ಮೀರುವುದು ಇಸ್ರಾಫ್. ಸಲ್ಲದ ಕಡೆ ಸಂಪತ್ತನ್ನು ಚೆಲ್ಲುವುದು ತಬ್ಝೀರ್ ಎಂದು ವಿದ್ವಾಂಸರು ಸಾಮಾನ್ಯವಾಗಿ ವಿವರಿಸುತ್ತಾರೆ. ಎರಡರಲ್ಲಿಯೂ ಅಳತೆಗೋಲು ಮೊತ್ತವೊಂದೇ ಅಲ್ಲ. ಹತ್ತು ರೂಪಾಯಿಯೂ ದುಂದಾಗಬಹುದು, ಹತ್ತು ಸಾವಿರವೂ ನ್ಯಾಯವಾಗಬಹುದು. ಹಣ ಎಲ್ಲಿಗೆ ಹೋಯಿತು, ಅದರಿಂದ ಏನು ಉಳಿಯಿತು, ಏನು ಹಾಳಾಯಿತು ಎಂಬುದನ್ನೂ ನೋಡಬೇಕು.

ಪ್ರವಾದಿವರ್ಯರ(ಸ) ಕಾಲದ ಒಂದು ಪ್ರಸಂಗವನ್ನು ಗಮನಿಸಿ. ಹಝ್ರತ್ ಮೈಮೂನಾರ(ರ) ಸೇವಕಿಗೆ ದಾನವಾಗಿ ಸಿಕ್ಕಿದ್ದ ಕುರಿಯೊಂದು ಸತ್ತುಬಿದ್ದಿತ್ತು. ಅದನ್ನು ಕಂಡ ಪ್ರವಾದಿ(ಸ) ಅದರ ತೊಗಲನ್ನು ಏಕೆ ಉಪಯೋಗಿಸಿಕೊಳ್ಳಲಿಲ್ಲ ಎಂದು ವಿಚಾರಿಸಿದರು. ಅದು ಸತ್ತ ಪ್ರಾಣಿಯಲ್ಲವೇ ಎಂದಾಗ, ನಿಷಿದ್ಧವಾದದ್ದು ಅದನ್ನು ತಿನ್ನುವುದು ಮಾತ್ರ ಎಂದು ತಿಳಿಸಿದರು. ಒಂದು ವಸ್ತು ಒಂದು ಉಪಯೋಗಕ್ಕೆ ಇಲ್ಲವಾದ ಮಾತ್ರಕ್ಕೆ ಎಲ್ಲ ಉಪಯೋಗಕ್ಕೂ ಇಲ್ಲವಾಗುವುದಿಲ್ಲ ಎಂಬುದು ಇದರ ಪಾಠ. ಎಸೆಯುವ ಮುನ್ನ ಇದರಲ್ಲಿ ಇನ್ನೇನು ಉಳಿದಿದೆ ಎಂದು ಕೇಳಬೇಕು. ಪ್ರವಾದಿವರ್ಯರು(ಸ) ತಮ್ಮ ಪಾದರಕ್ಷೆಯನ್ನು ತಾವೇ ಸರಿಪಡಿಸುತ್ತಿದ್ದರು, ಬಟ್ಟೆಯನ್ನು ತಾವೇ ಹೊಲಿಯುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಹಳತನ್ನು ಸರಿಪಡಿಸಿ ಬಳಸುವುದು ಬಡತನದ ಗುರುತಲ್ಲ.

ಬೆಲೆಚೀಟಿಯಲ್ಲಿ ಇಲ್ಲದ ಬೆಲೆ

ತೀರ್ಪಿಗೆ ಮುನ್ನ ಅರಿವು ಬೇಕು. ಯಂತ್ರದಲ್ಲಿ ಕೆಟ್ಟಿರುವುದೇನೆಂದು ತಿಳಿಯದೆ ದುರಸ್ತಿಯೂ ಕುರುಡು, ಹೊಸತೂ ಕುರುಡು. ಹಳೆಯ ಪ್ಲೇಯರುಗಳಲ್ಲಿ ಹೆಚ್ಚಾಗಿ ಕೆಡುವುದು ಸಣ್ಣ ಭಾಗಗಳು. ಮೋಟಾರಿನ ಚಲನೆಯನ್ನು ಟರ್ನ್‌ಟೇಬಲಿಗೆ ದಾಟಿಸುವ ರಬ್ಬರ್ ಚಕ್ರ ವರ್ಷಗಳು ಕಳೆದಂತೆ ಗಟ್ಟಿಯಾಗಿ ಜಾರುತ್ತದೆ. ಬೆಲ್ಟ್ ಇದ್ದರೆ ಅದು ಸಡಿಲವಾಗುತ್ತದೆ. ಹಳೆಯ ಗ್ರೀಸು ಅಂಟಿನಂತಾಗುತ್ತದೆ. ಹೀಗಾಗಿ ನಿಮಿಷಕ್ಕೆ 33 1/3 ಸುತ್ತು ತಿರುಗಬೇಕಾದ ಎಲ್.ಪಿ. ರೆಕಾರ್ಡು ಕುಂಟುತ್ತದೆ. ಧ್ವನಿ ಹೆಚ್ಚಿಸುವ ಭಾಗದ ಕಂಡೆನ್ಸರುಗಳು ಬಲ ಕಳೆದುಕೊಳ್ಳುತ್ತವೆ. ಮುಳ್ಳು ಸವೆಯುತ್ತದೆ. ಇವೆಲ್ಲ ಬಿಚ್ಚಿ ಬದಲಾಯಿಸಬಹುದಾದವು. ಎಲ್.ಪಿ. ರೆಕಾರ್ಡುಗಳಿಗೆ ಬೇಡಿಕೆ ಮರಳಿ ಬಂದಿರುವುದರಿಂದ (ಅಮೆರಿಕದಲ್ಲಿ 2022ರಲ್ಲಿ ಇವು ಸಂಖ್ಯೆಯಲ್ಲಿ ಸಿ.ಡಿ.ಗಳಿಗಿಂತ ಹೆಚ್ಚು ಮಾರಾಟವಾದವು, 1987ರ ಬಳಿಕ ಇದೇ ಮೊದಲು) ಮುಳ್ಳು, ಬೆಲ್ಟುಗಳು ಇಂದಿಗೂ ಸಿಗುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗ ಹುಡುಕುವವರು ಬರಿಗೈಯಲ್ಲಿ ಬರಬೇಕಾಗಿಲ್ಲ.

ಹೊಸತಾದ ಮಾತ್ರಕ್ಕೆ ಉತ್ತಮ ಎನ್ನಲೂ ಆಗದು. ಕಡಿಮೆ ಬೆಲೆಯ ಹೊಸ ಪ್ಲೇಯರುಗಳಲ್ಲಿ ಮುಳ್ಳು ರೆಕಾರ್ಡನ್ನು ಸಾಮಾನ್ಯವಾಗಿ ಐದು ಗ್ರಾಮಿನಷ್ಟು ಭಾರದಿಂದ ಒತ್ತುತ್ತದೆ. ಉತ್ತಮ ದರ್ಜೆಯವುಗಳಲ್ಲಿ ಇದು ಎರಡು ಗ್ರಾಮಿನ ಆಸುಪಾಸು. ಹಳೆಯ ಪೆಟ್ಟಿಗೆ ಪ್ಲೇಯರುಗಳೂ ಈ ವಿಷಯದಲ್ಲಿ ಹಗುರವಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಆದ್ದರಿಂದ ಯಾವುದನ್ನಿಟ್ಟುಕೊಂಡರೂ ಮುಳ್ಳನ್ನು ಸಮಯಕ್ಕೆ ಸರಿಯಾಗಿ ಬದಲಾಯಿಸುವುದು ಕಡ್ಡಾಯ. ನೀಲದ ಮುಳ್ಳು ಕೆಲವು ಹತ್ತು ಗಂಟೆಗಳಲ್ಲೇ ಸವೆಯುತ್ತದೆ. ವಜ್ರದ್ದು ನೂರಾರು ಗಂಟೆ ಬಾಳುತ್ತದೆ. ಸವೆದ ಮುಳ್ಳು ರೆಕಾರ್ಡಿನ ಗೀರನ್ನೇ ಕೆರೆದುಹಾಕುತ್ತದೆ. ಯಂತ್ರ ಕೆಟ್ಟರೆ ಸರಿಪಡಿಸಬಹುದು, ಗೀರು ಹಾಳಾದರೆ ಯಾರಿಂದಲೂ ಸರಿಪಡಿಸಲಾಗದು. ಸರಿಪಡಿಸಲಾಗದ್ದನ್ನು ಮೊದಲು ಕಾಪಾಡಬೇಕು ಎಂಬುದು ಬದುಕಿನ ಎಲ್ಲ ವಿಷಯಗಳಿಗೂ ಅನ್ವಯಿಸುವ ಮಾತು.

ಇನ್ನು ಎಸೆದ ಯಂತ್ರ ಎಲ್ಲಿಗೆ ಹೋಗುತ್ತದೆ? ಗುಜರಿಯವನ ಗಾಡಿ ಬೀದಿ ದಾಟಿದ ಮೇಲೆ ನಾವು ಅದನ್ನು ಮರೆಯುತ್ತೇವೆ. ನಮ್ಮ ದೇಶದಲ್ಲಿ ಇ-ತ್ಯಾಜ್ಯದ ನಿಯಮಗಳು 2011ರಲ್ಲೇ ಬಂದಿವೆ. ಆದರೂ ದೆಹಲಿಯ ಸೀಲಂಪುರದಂಥ ಕಡೆಗಳಲ್ಲಿ ಬಡವರು ಬರಿಗೈಯಲ್ಲಿ ಇಂಥ ವಸ್ತುಗಳನ್ನು ಒಡೆದು, ತಾಮ್ರಕ್ಕಾಗಿ ತಂತಿಗಳನ್ನು ಸುಟ್ಟು ಹೊಟ್ಟೆ ಹೊರೆದುಕೊಂಡಿದ್ದಾರೆ. ಹಳೆಯ ಯಂತ್ರಗಳ ಬೆಸುಗೆಯಲ್ಲಿ ಸೀಸವಿರುತ್ತದೆ. ಆ ಹೊಗೆಯನ್ನು ಕುಡಿಯುವ ಮಗುವಿನ ಖರ್ಚು ನಮ್ಮ ಮೂರೂವರೆ ಸಾವಿರದ ಬಿಲ್ಲಿನಲ್ಲಿ ಸೇರಿದೆಯೇ?

ವಸ್ತುಗಳು ಬೇಗ ಕೆಡುವುದು ಯಾವಾಗಲೂ ಆಕಸ್ಮಿಕವಲ್ಲ ಎಂಬುದನ್ನೂ ನೆನಪಿಡಬೇಕು. 1924ರಲ್ಲಿ ಜಗತ್ತಿನ ಪ್ರಮುಖ ಬಲ್ಬು ತಯಾರಕರು ಜಿನೀವಾದಲ್ಲಿ ಸೇರಿ ಫೀಬಸ್ ಎಂಬ ಕೂಟವನ್ನು ಕಟ್ಟಿಕೊಂಡರು. ಬಲ್ಬಿನ ಆಯುಸ್ಸನ್ನು ಒಂದು ಸಾವಿರ ಗಂಟೆಗೆ ಇಳಿಸುವುದು ಅವರ ಒಪ್ಪಂದವಾಗಿತ್ತು. ಹೆಚ್ಚು ಬಾಳುವ ಬಲ್ಬು ಮಾಡಿದವರಿಗೆ ದಂಡವನ್ನೂ ವಿಧಿಸಲಾಗುತ್ತಿತ್ತು. ಚೆನ್ನಾಗಿ ಮಾಡಬಲ್ಲದ್ದನ್ನು ಬೇಕೆಂದೇ ಕೆಟ್ಟದಾಗಿ ಮಾಡುವುದು ಕೊಳ್ಳುವವನಿಗೆ ಬಗೆದ ವಂಚನೆ. ಎಸೆದು ಕೊಳ್ಳುವುದೇ ನಮ್ಮ ಅಭ್ಯಾಸವಾದರೆ ಅಂಥ ವ್ಯಾಪಾರಕ್ಕೆ ನಾವೇ ನೀರೆರೆದಂತಾಗುತ್ತದೆ. ಅದೇ ನಾಲ್ಕು ಸಾವಿರ ದುರಸ್ತಿಗೆ ಹೋದರೆ ಅದರ ದೊಡ್ಡ ಪಾಲು ಒಬ್ಬ ಕುಶಲಕರ್ಮಿಯ ಕೂಲಿ. ಅವನ ಕೈಕೆಲಸ ನಮ್ಮೂರಲ್ಲಿ ಉಳಿಯುತ್ತದೆ, ಕಲಿಯಲು ಬರುವ ಹುಡುಗನಿಗೂ ದಾರಿಯಾಗುತ್ತದೆ.

ಹಳತರ ಮೋಹವೂ ಮೋಹವೇ

ಹಾಗಾದರೆ ದುರಸ್ತಿಯೇ ಪುಣ್ಯ, ಹೊಸತೇ ಪಾಪ ಎನ್ನೋಣವೇ? ಅದೂ ಸರಿಯಲ್ಲ. ಮೋಟಾರಿನ ಸುರುಳಿಯೇ ಸುಟ್ಟುಹೋಗಿ, ಬದಲಿ ಸಿಗದೆ, ತಿಂಗಳಿಗೊಮ್ಮೆ ಅಂಗಡಿಗೆ ಹೊರುವುದೇ ಆದರೆ ದುರಸ್ತಿಯೇ ದುಂದಾಗುತ್ತದೆ. ಆಗ ಅದನ್ನು ರಿಪೇರಿಯವನಿಗೆ ಕೊಟ್ಟುಬಿಡುವುದು ಲೇಸು. ಅದರ ಭಾಗಗಳು ಇನ್ನೊಂದು ಯಂತ್ರಕ್ಕೆ ಜೀವ ಕೊಟ್ಟಾವು. ಬಂದವರ ಮುಂದೆ ಪ್ರದರ್ಶಿಸಲು ಹಳೆಯ ವಸ್ತುವಿಗೆ ಸಾವಿರಾರು ಸುರಿಯುವವರೂ ಇದ್ದಾರೆ. ಹೊಸತನ್ನು ತೋರಿಸಿ ಮೆರೆಯುವುದಕ್ಕೂ ಹಳತನ್ನು ತೋರಿಸಿ ಮೆರೆಯುವುದಕ್ಕೂ ಅಲ್ಲಾಹನ ಬಳಿ ವ್ಯತ್ಯಾಸವಿದೆಯೇ?

ಇಮಾಮ್ ಶಾತಿಬಿಯವರು ಮನುಷ್ಯನ ಆವಶ್ಯಕತೆಗಳನ್ನು ಮೂರು ಮೆಟ್ಟಿಲುಗಳಲ್ಲಿ ವಿವರಿಸಿದ್ದಾರೆ: ಇಲ್ಲದೆ ಬದುಕಲಾಗದವು, ಇಲ್ಲದಿದ್ದರೆ ಬದುಕು ಕಷ್ಟವಾಗುವವು, ಬದುಕಿಗೆ ಸೊಗಸು ತರುವವು. ರೆಕಾರ್ಡ್ ಪ್ಲೇಯರ್ ಮೂರನೆಯ ಮೆಟ್ಟಿಲಿನದು. ಮೇಲಾಗಿ ಹುಸರಿಯವರ ಅದೇ ಪಾರಾಯಣ ಇಂದು ಎಲ್ಲರ ಮೊಬೈಲಿನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಆದ್ದರಿಂದ ತೀರಿಸದ ಸಾಲ, ಕೊಡಬೇಕಾದ ಝಕಾತ್, ಮಗಳ ಶಾಲಾ ಶುಲ್ಕ ಕಾದಿರುವಾಗ ದುರಸ್ತಿಯೂ ಬೇಡ, ಹೊಸತೂ ಬೇಡ. ಪೆಟ್ಟಿಗೆ ಅಟ್ಟದ ಮೇಲೆ ಕಾಯಲಿ, ಅದಕ್ಕೆ ಹಸಿವಿಲ್ಲ.

ಹಾಗಾದರೆ ಆ ಮನೆಯಲ್ಲಿ ದುರಸ್ತಿಗೆ ಉಳಿಯುವ ಕಾರಣವೇನು? ತಂದೆಯ ನೆನಪು. ನೆನಪಿಗಾಗಿ ಖರ್ಚು ಮಾಡುವುದು ಸಮ್ಮತವೇ? ಬದ್ರ್ ಯುದ್ಧದ ನಂತರದ ಘಟನೆಯೊಂದು ಇಲ್ಲಿ ನಮಗೆ ಬೆಳಕಾಗುತ್ತದೆ. ಸೆರೆಯಾಗಿದ್ದ ತಮ್ಮ ಪತಿ ಅಬುಲ್ ಆಸ್‌ರ ಬಿಡುಗಡೆಗಾಗಿ ಪ್ರವಾದಿಪುತ್ರಿ ಝೈನಬ್(ರ) ಕಳಿಸಿದ ವಸ್ತುಗಳಲ್ಲಿ ಒಂದು ಹಾರವಿತ್ತು. ಅದು ತಾಯಿ ಖದೀಜಾ(ರ) ಮಗಳ ಮದುವೆಯಲ್ಲಿ ಕೊಟ್ಟದ್ದು. ಅದನ್ನು ಕಂಡು ಪ್ರವಾದಿವರ್ಯರ(ಸ) ಹೃದಯ ಕರಗಿತು. ಆದರೂ ಅವರು ಹಾರವನ್ನು ತಾವಾಗಿಯೇ ಎತ್ತಿ ಕೊಟ್ಟುಬಿಡಲಿಲ್ಲ. ನೀವು ಒಪ್ಪುವುದಾದರೆ ಸೆರೆಯಾಳನ್ನು ಬಿಟ್ಟು ಹಾರವನ್ನು ಆಕೆಗೆ ಮರಳಿಸಿ ಎಂದು ಸಂಗಾತಿಗಳನ್ನು ಕೇಳಿಕೊಂಡರು. ಅವರು ಒಪ್ಪಿದರು. ವಸ್ತುವಿನಲ್ಲಿ ಅಡಗಿರುವ ನೆನಪು ಕ್ಷುಲ್ಲಕವಲ್ಲ ಎಂಬುದು ಇದರ ಒಂದು ಪಾಠ. ಎಷ್ಟೇ ಪವಿತ್ರವಾದ ನೆನಪಾದರೂ ಇತರರ ಹಕ್ಕನ್ನು ದಾಟಿ ಹೋಗಬಾರದು ಎಂಬುದು ಇನ್ನೊಂದು.

ಈ ಎರಡನೆಯ ಪಾಠವನ್ನು ನಾವು ಮನೆಗಳಲ್ಲಿ ಮರೆಯುತ್ತೇವೆ. ಮೃತರು ಬಿಟ್ಟುಹೋದದ್ದು ಹೊಲ, ಮನೆ, ಚಿನ್ನ ಮಾತ್ರವಲ್ಲ. ಕುರ್ಚಿ, ಗಡಿಯಾರ, ರೆಕಾರ್ಡ್ ಪ್ಲೇಯರ್ ಕೂಡ ವಾರಸುಸೊತ್ತು. ಸಾಲ ತೀರಿಸಿ, ವಸಿಯ್ಯತ್ ಪೂರೈಸಿದ ಬಳಿಕ ಅದರಲ್ಲಿ ವಿಧವೆ ತಾಯಿಗೆ ಎಂಟನೇ ಒಂದು ಪಾಲಿದೆ, ಹೆಣ್ಣುಮಕ್ಕಳಿಗೂ ಪಾಲಿದೆ. ಮದುವೆಯಾಗಿ ಬೇರೆ ಊರಿನಲ್ಲಿರುವ ಸಹೋದರಿಯನ್ನು ಕೇಳದೆ ಗುಜರಿಗೆ ಹಾಕುವ ಹಕ್ಕು ಕಿರಿಯವನಿಗೆ ಇಲ್ಲ. ಒಟ್ಟು ಸೊತ್ತಿನ ಹಣದಿಂದ ದುರಸ್ತಿ ಮಾಡಿಸುವ ಹಕ್ಕು ಹಿರಿಯವನಿಗೂ ಇಲ್ಲ.

ಆ ಸಹೋದರರಿಗೆ ನಾನು ಹೇಳಿದ್ದು ಇಷ್ಟೇ. ಮೊದಲು ತಾಯಿಯನ್ನೂ ಸಹೋದರಿಯರನ್ನೂ ಕೇಳಿ. ತಂದೆಯ ಸಾಲ ಉಳಿದಿದೆಯೇ ನೋಡಿ. ಕೆಟ್ಟಿರುವುದೇನೆಂದು ರಿಪೇರಿಯವನಿಂದ ವಿವರವಾಗಿ ತಿಳಿದುಕೊಳ್ಳಿ. ಚಕ್ರ, ಮುಳ್ಳು, ಕಂಡೆನ್ಸರುಗಳಷ್ಟೇ ಆಗಿದ್ದು ಎಲ್ಲರೂ ಒಪ್ಪಿದರೆ, ಹಿರಿಯವನು ತನ್ನ ದುಡಿಮೆಯಿಂದ ಆ ಹಣ ಕೊಡಲಿ. ಐನೂರು ರೂಪಾಯಿ ಹೆಚ್ಚಾದ ಮಾತ್ರಕ್ಕೆ ಅದು ಇಸ್ರಾಫ್ ಆಗದು. ಮೋಟಾರೇ ಹೋಗಿದ್ದರೆ ಮನಸ್ಸು ಗಟ್ಟಿ ಮಾಡಿ ಬಿಟ್ಟುಕೊಡಿ; ರೆಕಾರ್ಡುಗಳನ್ನು ಕಾಪಾಡಿ.

ಪ್ರಿಯ ಓದುಗರೇ, ನಮ್ಮ ಕೈಯಲ್ಲಿರುವ ಪ್ರತಿಯೊಂದು ವಸ್ತುವೂ ಅಲ್ಲಾಹನು ಸ್ವಲ್ಪ ಕಾಲಕ್ಕೆ ಒಪ್ಪಿಸಿದ ಅಮಾನತ್. ಅದು ಕೆಟ್ಟಾಗ ಅದರ ಬೆಲೆಯನ್ನಷ್ಟೇ ಅಲ್ಲ, ಅದರ ಹಕ್ಕುದಾರರನ್ನು, ಅದನ್ನು ಸರಿಪಡಿಸಬಲ್ಲ ಕೈಗಳನ್ನು, ಅದನ್ನು ಎಸೆದರೆ ಹೊಗೆ ಕುಡಿಯುವವರನ್ನು ಒಮ್ಮೆ ನೆನೆಯೋಣ. ಕೆಟ್ಟ ಯಂತ್ರವನ್ನು ತಾಳ್ಮೆಯಿಂದ ಬಿಚ್ಚಿ ನೋಡುವ ಅಭ್ಯಾಸವಿರುವ ಮನೆಯವರು, ಕೆಟ್ಟ ಸಂಬಂಧಗಳನ್ನೂ ಎಸೆಯುವ ಮುನ್ನ ಒಮ್ಮೆ ಬಿಚ್ಚಿ ನೋಡಿಯಾರು. ಅಲ್ಲಾಹನು ನಮಗೆ ಜಿಪುಣತನಕ್ಕೂ ದುಂದಿಗೂ ನಡುವಣ ನೇರ ಹಾದಿಯನ್ನು ಕರುಣಿಸಲಿ.