ಕತ್ತರಿ ಆಡಿದ್ದು ಹೊಟ್ಟೆಯಲ್ಲಿ

ಕತ್ತರಿ ಆಡಿದ್ದು ಹೊಟ್ಟೆಯಲ್ಲಿ. ರಸಿಕರು ಹೆದರಿದ್ದು ಗಂಟಲಿಗೆ ಏನಾದೀತೋ ಎಂದು. 2004ರ ಮಾತು. ಲಂಡನ್ನಿನ ರಾಯಲ್ ಒಪೆರಾ ಹೌಸ್, ರಿಚರ್ಡ್ ಸ್ಟ್ರಾಸ್‌ನ ‘ಅರಿಯಾಡ್ನೆ ಔಫ್ ನಾಕ್ಸೋಸ್’ ಒಪೆರಾದ ನಾಯಕಿ ಪಾತ್ರದಿಂದ ಅಮೆರಿಕದ ಸೊಪ್ರಾನೊ (ತಾರ ದನಿಯ) ಗಾಯಕಿ ಡೆಬೊರಾ ವಾಯ್ಟ್ ಅವರನ್ನು ಕೈಬಿಟ್ಟಿತು. ಪಾತ್ರಕ್ಕೆಂದು ಗೊತ್ತುಮಾಡಿದ್ದ ಕರಿಯ ಉಡುಪು ಆ ಮೈಕಟ್ಟಿಗೆ ಒಪ್ಪುವುದಿಲ್ಲವಂತೆ. ಹಾಡಲು ಕರೆದವರು ದರ್ಜಿಯ ಟೇಪು ಹಿಡಿದು ನಿಂತರಲ್ಲ ಎಂದು ಆಗಲೇ ಹಲವರು ಬೈದರು. ಅದೇ ವರ್ಷ ಆಕೆ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡರು. 45 ಕಿಲೋಗೂ ಹೆಚ್ಚು ತೂಕ ಇಳಿಯಿತು.

ಆ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮೇಲ್ತುದಿಯನ್ನು ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವಾಗಿ ಬೇರ್ಪಡಿಸಿ, ಅದನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ. ಧ್ವನಿತಂತುಗಳ ಗೊಡವೆಗೆ ಯಾರೂ ಹೋಗುವುದಿಲ್ಲ. ಅರಿವಳಿಕೆ ಕೊಡುವಾಗ ಒಂದು ನಳಿಕೆ ಅವುಗಳ ನಡುವೆ ಹಾದುಹೋಗುತ್ತದೆ, ಅದರಿಂದ ಗಂಟಲು ಕಟ್ಟಿದರೂ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ಆದರೂ ವಾಯ್ಟ್ ಹಾಡುವ ಬಗೆಯನ್ನೇ ಹೊಸದಾಗಿ ರೂಢಿಸಿಕೊಳ್ಳಬೇಕಾಯಿತು.

ಹೆಂಗಸರ ಧ್ವನಿತಂತುಗಳ ಉದ್ದ ಎರಡು ಸೆಂಟಿಮೀಟರೂ ಇಲ್ಲ. ಸೊಪ್ರಾನೊ ತಾರಕ್ಕೇರಿದಾಗ ಅವು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ ಕೂಡಿ ಬೇರ್ಪಡುತ್ತವೆ. ಇದನ್ನು ಓದಿದಾಗಲೆಲ್ಲ ನನ್ನ ಕೈ ತಾನಾಗಿ ಕೊರಳಿಗೆ ಹೋಗುತ್ತದೆ. ಮೈಕು ಹಿಡಿಯದೆ ದೊಡ್ಡ ವಾದ್ಯವೃಂದವನ್ನು ದಾಟಿ ಕೊನೆಯ ಸಾಲಿಗೂ ಕೇಳಿಸುವ ದನಿಯ ಮೂಲ ಇಷ್ಟೇ ಇಷ್ಟು! ಉಳಿದದ್ದೆಲ್ಲ ಸುತ್ತಲಿನ ಮೈಯ ಕೆಲಸ. ಉಸಿರು ಎಳೆದಾಗ ವಪೆ ಕೆಳಗಿಳಿದು ಹೊಟ್ಟೆಯನ್ನು ಒತ್ತುತ್ತದೆ. ಹೊಟ್ಟೆ ಅದನ್ನು ತಿರುಗಿ ಒತ್ತುತ್ತದೆ. ಬೊಜ್ಜು ತುಂಬಿದ ಹೊಟ್ಟೆಯಾದರೆ ಆ ಒತ್ತಡ ಹಾಡುವವರಿಗೆ ಕೇಳದೆ ಸಿಕ್ಕುವ ಸಹಾಯ. ಇತ್ತ ನಾಲಗೆಯೊಳಗೂ ಗಂಟಲಿನ ಗೋಡೆಗಳಲ್ಲೂ ಕೊಬ್ಬು ಇರುತ್ತದೆ. ಅದು ಕರಗಿದರೆ ದನಿ ಮೊಳಗುವ ಕೋಣೆಯ ಅಳತೆಯೇ ಬೇರೆಯಾಗುತ್ತದೆ.

ಕಛೇರಿಗೆ ಮುಂಚೆ ಮೃದಂಗದವರು ಎಡಮುಖಕ್ಕೆ ರವೆಯ ಕಣಕ ಮೆತ್ತುವುದನ್ನು ನೋಡಿದ್ದೀರಲ್ಲ. ಅಷ್ಟು ಭಾರ ಕೂತರೇನೇ ಆ ಗುಂಕಾರ. ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಮೈತೂಕ ಹಾಗೆ ನೇರವಾಗಿ ತಂತುಗಳ ಮೇಲೆ ಕೂರುವುದಿಲ್ಲ, ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಆದರೆ ಕಣಕ ತೆಗೆದ ಮೃದಂಗವನ್ನು ಯಾರೂ ಕಛೇರಿಗೆ ಕೂರಿಸುವುದಿಲ್ಲ. ವಾಯ್ಟ್ ಕೂರಬೇಕಾಯಿತು.

ಮೊದಲು ಉಸಿರು ಎಳೆದರೆ ಸಾಕು, ಮೈಭಾರವೇ ಅದಕ್ಕೆ ದಮ್ಮು ಕೊಡುತ್ತಿತ್ತು ಎಂದು ಆಕೆ ಹೇಳಿಕೊಂಡಿದ್ದಾರೆ. ಆಮೇಲೆ ಪಕ್ಕೆಲುಬು ಅಗಲವಾಗಿರಲಿ ಎಂದು ತಮಗೆ ತಾವೇ ನೆನಪಿಸಿಕೊಳ್ಳಬೇಕಿತ್ತು. ಹಳೆಯ ಗಾಳಿಯನ್ನು ಪೂರ್ತಿ ಹೊರಹಾಕದಿದ್ದರೆ ಉಸಿರಿನ ಮೇಲೆ ಉಸಿರು ಪೇರಿಕೊಂಡು ಮೇಲಿನ ಸ್ವರ ಒಡೆಯುತ್ತಿತ್ತು. ಜಗತ್ತಿನ ದೊಡ್ಡ ರಂಗಮಂದಿರಗಳಲ್ಲಿ ಹಾಡಿ ಹೆಸರಾದವರು ನಲವತ್ತು ದಾಟಿದ ಮೇಲೆ ಮೊದಲ ವರ್ಷದ ಶಿಷ್ಯೆಯ ಹಾಗೆ ಪಕ್ಕೆಲುಬು ನೋಡಿಕೊಳ್ಳುವುದೆಂದರೆ! ಅಷ್ಟು ವರ್ಷ ತಾನು ಸಾಧಿಸಿದ್ದೆಷ್ಟು, ಮೈ ಸುಮ್ಮನೆ ಮಾಡಿಕೊಟ್ಟದ್ದೆಷ್ಟು ಎಂಬ ಲೆಕ್ಕ ಎಷ್ಟು ಜನ ಕಲಾವಿದರಿಗೆ ಹೀಗೆ ಬಿಡಿಬಿಡಿಯಾಗಿ ಕಾಣಸಿಗುತ್ತದೆ? 13ನೇ ಶತಮಾನದ ಶಾರ್ಙ್ಗದೇವ ತನ್ನ ‘ಸಂಗೀತ ರತ್ನಾಕರ’ದಲ್ಲಿ ನಾದದ ದಾರಿಯನ್ನು ಗಂಟಲಿನಿಂದಲ್ಲ, ನಾಭಿಯಿಂದ ಶುರುಮಾಡುತ್ತಾನೆ. ಅದನ್ನು ಯೋಗಶಾಸ್ತ್ರದ ಮಾತು ಎಂದು ಬದಿಗಿಡುತ್ತಿದ್ದ ನನಗೆ ಈಗ ಹಾಗೆ ಮಾಡಲು ಮನಸ್ಸು ಬರುತ್ತಿಲ್ಲ.

ತೂಕ–ದನಿಯ ಈ ಜಗಳ ಹಳೆಯದು. ಹೆಸರಾಂತ ಸೊಪ್ರಾನೊ ಮರಿಯಾ ಕ್ಯಾಲಸ್ 1953–54ರಲ್ಲಿ ಯಾವ ಶಸ್ತ್ರಚಿಕಿತ್ಸೆಯೂ ಇಲ್ಲದೆ ಸುಮಾರು 36 ಕಿಲೋ ಇಳಿದಿದ್ದರು. ಮುಂದೆ ಅವರ ದನಿ ಸೊರಗಿದ್ದಕ್ಕೆ ಅದೇ ಕಾರಣ ಎನ್ನುವವರು ಇಂದಿಗೂ ಇದ್ದಾರೆ. ನನಗೆ ಪೂರಾ ಒಪ್ಪಿಗೆಯಿಲ್ಲ. ಇಪ್ಪತ್ತೈದರ ಆಸುಪಾಸಿನಲ್ಲೇ ಒಪೆರಾಕಾರ ವಾಗ್ನರನ ಇಸೋಲ್ಡೆ, ಬ್ರುನ್‌ಹಿಲ್ಡೆಯಂಥ ಭಾರದ ಪಾತ್ರಗಳನ್ನು ಹಾಡಿದ ಗಂಟಲು ಅದು.

ವಾಯ್ಟ್ 2008ರಲ್ಲಿ ಅದೇ ಲಂಡನ್ ರಂಗಕ್ಕೆ ಅದೇ ಅರಿಯಾಡ್ನೆಯಾಗಿ ಮರಳಿದರು. 2011ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಬ್ರುನ್‌ಹಿಲ್ಡೆಯಾದರು. ಮೊದಲಿನ ಮಾರ್ದವ ಹೋಗಿ ದನಿ ಮೊನಚಾಯಿತೆಂದು ಕೆಲವು ವಿಮರ್ಶಕರು ಬರೆದರು. ಅಷ್ಟರಲ್ಲಿ ಆಕೆಗೆ ಐವತ್ತಾಗಿತ್ತು. ಅದರಲ್ಲಿ ಕತ್ತರಿಯ ಪಾಲೆಷ್ಟು, ವಯಸ್ಸಿನ ಪಾಲೆಷ್ಟು ಎಂದು ಬಿಡಿಸಿ ಹೇಳಬಲ್ಲ ಕಿವಿ ಯಾರಿಗಾದರೂ ಇದೆಯೇ ಎನ್ನುವುದೇ ನನ್ನ ಅನುಮಾನ.