ಸಾಕು ಎನ್ನುವುದು ಯಾವಾಗ?

ಒಂದು ಸಂಖ್ಯೆಯ ಘನದಿಂದ ಅದರ ಎರಡರಷ್ಟನ್ನೂ ಐದನ್ನೂ ಕಳೆದರೆ ಸೊನ್ನೆ ಬರಬೇಕು. ಆ ಸಂಖ್ಯೆ ಯಾವುದು? ನ್ಯೂಟನ್ ತನ್ನ ವಿಧಾನವನ್ನು ವಿವರಿಸಲು ಆರಿಸಿಕೊಂಡ ಉದಾಹರಣೆ ಇದು. ಉತ್ತರ 2.09455148... ಎಂದು ಶುರುವಾಗುತ್ತದೆ, ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ನಾವೇ ನಿಲ್ಲಿಸಬೇಕು. ಎಲ್ಲಿ ಎಂಬುದು ಬರೀ ಲೆಕ್ಕದ ಪ್ರಶ್ನೆಯಲ್ಲ.

ಇಂಥ ಲೆಕ್ಕವನ್ನು ಕಂಪ್ಯೂಟರಿಗೆ ಕೊಡುವಾಗ ‘ಟಾಲರೆನ್ಸ್’ ಎಂಬ ಪುಟ್ಟ ಸಂಖ್ಯೆಯನ್ನೂ ಕೊಡುತ್ತೇವೆ. ಇಷ್ಟು ತಪ್ಪನ್ನು ಸಹಿಸಿಕೊಳ್ಳುತ್ತೇನೆ ಎಂದು ಅದರರ್ಥ. ಆದರೆ ತಪ್ಪು ಎಷ್ಟೆಂದು ತಿಳಿಯಲು ಸರಿ ಉತ್ತರ ಗೊತ್ತಿರಬೇಕಲ್ಲ? ಗೊತ್ತಿಲ್ಲದ್ದರಿಂದಲೇ ತಾನೆ ಈ ಹುಡುಕಾಟ! ಹಾಗಾಗಿ ಎರಡು ಗುರುತುಗಳನ್ನು ನಂಬುತ್ತೇವೆ. ಸಮೀಕರಣದಲ್ಲಿ ಹಾಕಿ ನೋಡಿದಾಗ ಸೊನ್ನೆಯ ಹತ್ತಿರ ಬಂದರೆ ಸಾಕು. ಅಥವಾ ಹೊಸ ಉತ್ತರ ಹಿಂದಿನದಕ್ಕಿಂತ ಹೆಚ್ಚು ಬದಲಾಗದಿದ್ದರೆ ಸಾಕು.

ಎರಡೂ ಮೋಸ ಮಾಡಬಲ್ಲವು. ಒಂದು ಸಂಖ್ಯೆಯಿಂದ 1 ಕಳೆದು, ಉಳಿದದ್ದನ್ನು ಹತ್ತನೆಯ ಘಾತಕ್ಕೇರಿಸಿದರೆ ಸೊನ್ನೆ ಬರಬೇಕೆನ್ನಿ. ಉತ್ತರ 1. ಅದರ ಬದಲು 1.5 ಹಾಕಿದರೂ ಬರುವುದು ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ. ನ್ಯೂಟನ್ ವಿಧಾನ ಅಲ್ಲಿಂದ ಇಡುವ ಹೆಜ್ಜೆ 0.05 ಮಾತ್ರ, ಉತ್ತರ ಇರುವುದು 0.5 ದೂರದಲ್ಲಿ. ನಡಿಗೆ ನಿಧಾನವಾಯಿತೆಂದರೆ ಊರು ಬಂತೆಂದಲ್ಲ.

‘ಬೈಸೆಕ್ಷನ್’ ಎಂಬ ಇನ್ನೊಂದು ವಿಧಾನವಿದೆ. ಮೊದಲಿನ ಸಮೀಕರಣದಲ್ಲಿ 2 ಹಾಕಿದರೆ ಋಣ 1, 3 ಹಾಕಿದರೆ ಧನ 16. ಹಾಗಾದರೆ ಉತ್ತರ ಇವೆರಡರ ನಡುವೆಯೇ ಇದೆ. ನಡುವೆ ಕತ್ತರಿಸಿ, ಚಿಹ್ನೆ ಬದಲಾಗುವ ಅರ್ಧವನ್ನು ಇಟ್ಟುಕೊಳ್ಳುತ್ತ ಹೋಗಬೇಕು. ನ್ಯೂಟನ್ ವಿಧಾನ 2ರಿಂದ ಹೊರಟು ಮೂರೇ ಹೆಜ್ಜೆಯಲ್ಲಿ ಎಂಟು ದಶಮಾಂಶ ಸ್ಥಾನ ಸರಿಯಾಗಿ ಕೊಡುತ್ತದೆ. ಬೈಸೆಕ್ಷನ್ ಹತ್ತು ಹೆಜ್ಜೆ ನಡೆದರೂ 1/1024ರಷ್ಟು ಅಗಲದ ಸಂದಿಯಲ್ಲೇ ಇರುತ್ತದೆ. ಆದರೆ ತಪ್ಪು ಅದಕ್ಕಿಂತ ಹೆಚ್ಚಿಲ್ಲ ಎಂದು ಭಾಷೆ ಕೊಡಬಲ್ಲದು. ವಿರುದ್ಧ ಚಿಹ್ನೆಯ ಎರಡು ತುದಿಗಳನ್ನು ಅದು ಎಂದೂ ಕೈಬಿಡದಿರುವುದೇ ಇದಕ್ಕೆ ಕಾರಣ. ಅಂಥ ತುದಿಗಳು ಸಿಗದಿದ್ದರೆ, ಹತ್ತನೆಯ ಘಾತದ ಉದಾಹರಣೆಯಂತೆ, ಅದು ಶುರುವೇ ಆಗುವುದಿಲ್ಲ.

‘ಎಷ್ಟೋ ವರ್ಷಗಳಿಂದ ನನ್ನ ಅಭಿಪ್ರಾಯ ಬದಲಾಗಿಲ್ಲ’ ಎನ್ನುವುದನ್ನು ಅದು ಸರಿಯೆಂಬುದಕ್ಕೆ ಪುರಾವೆಯಾಗಿ ಹೇಳುವವರಿದ್ದಾರೆ. ಅದು ನಾವು ನಿಂತಿದ್ದೇವೆ ಎಂಬುದಕ್ಕೆ ಪುರಾವೆ, ತಲುಪಿದ್ದೇವೆ ಎಂಬುದಕ್ಕಲ್ಲ. ನಮ್ಮ ಮಾತಿಗೆ ವಿರುದ್ಧವಾದ ಸಾಕ್ಷ್ಯವನ್ನು ಹುಡುಕಿ ಜೊತೆಗಿಟ್ಟುಕೊಂಡಿದ್ದರೆ ಮಾತ್ರ ಎಷ್ಟು ತಪ್ಪಿರಬಹುದೆಂದು ಹೇಳಲು ಬರುತ್ತದೆ.

ಪೂರ್ತಿ ಸರಿಯಾದ ಉತ್ತರವನ್ನು ಯಾರಿಂದಲೂ ಕೇಳಲಾಗದು. ಆದರೆ ರೋಗದ ಬಗ್ಗೆ ವೈದ್ಯರು, ಸೇತುವೆಯ ಬಗ್ಗೆ ಎಂಜಿನಿಯರು ‘ಇಷ್ಟು ಸಾಕು’ ಎಂದಾಗ, ತಪ್ಪು ಹೆಚ್ಚೆಂದರೆ ಎಷ್ಟಿರಬಹುದು ಎಂದು ಕೇಳಬಹುದು. ಆ ತಪ್ಪಿನ ಬೆಲೆ ತೆರುವವರು ನಾವು.