ಒಂದು ಸೂಜಿಯ ತೂಕ

ಕಸದ ಚೀಲ ಎತ್ತಿಕೊಂಡ ಪೌರಕಾರ್ಮಿಕ ಮಹಿಳೆ ‘ಸ್’ ಎಂದು ಕೈ ಕೊಡವಿದರು. ಅಮ್ಮನ ಇನ್ಸುಲಿನ್ ಸೂಜಿ. ಹಳೇ ಪೇಪರಿನಲ್ಲಿ ಸುತ್ತಿ ಹಾಕಿದ್ದೆ. ನನ್ನ ಎಚ್ಚರಿಕೆ ಅಷ್ಟಕ್ಕೇ ಮುಗಿದಿತ್ತು. ಬೆರಳನ್ನು ಸೆರಗಿನಲ್ಲಿ ಒತ್ತಿಕೊಂಡು ಅವರು ಕೇಳಿದ್ದು ಒಂದೇ ಮಾತು: “ಅಮ್ಮಂಗೆ ಏನ್ ಕಾಯಿಲೆ?”

“ಬರೀ ಶುಗರ್” ಅಂದೆ. ಸೋಪು, ನೀರು ಕೊಟ್ಟೆ. ಕೈ ತೊಳೆದುಕೊಂಡು ಮುಂದಿನ ಮನೆಗೆ ಗಾಡಿ ತಳ್ಳಿದರು.

ಆ ‘ಬರೀ’ ನನ್ನನ್ನು ಬಿಡಲಿಲ್ಲ. ಅಮ್ಮನಿಗೆ ಹೆಪಟೈಟಿಸ್ ಬಿ ಇದೆಯೋ ಇಲ್ಲವೋ ಎಂದು ನಾವು ಯಾವತ್ತೂ ಪರೀಕ್ಷೆ ಮಾಡಿಸಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವವನಂತೆ ಹೇಳಿದ್ದೆ.

ಇದೇ ಸೂಜಿ ಆಸ್ಪತ್ರೆಯಲ್ಲಿ ಬಿದ್ದಿದ್ದರೆ? ಆ ರಾತ್ರಿ ಕೇಂದ್ರ ಸರ್ಕಾರದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳನ್ನು ಓದುತ್ತಾ ಕೂತೆ. 1998ರಲ್ಲಿ ಮೊದಲು ಬಂದ ನಿಯಮಗಳ ಹೊಸ ರೂಪ ಅದು. ಸೂಜಿ ಹೋಗಬೇಕಾದದ್ದು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಅದಕ್ಕೊಂದು ಬಾರ್‌ಕೋಡ್. ಸಾಗಿಸುವುದು ಅನುಮತಿ ಪಡೆದ, ಅಪಾಯದ ಚಿಹ್ನೆ ಬರೆದ ವಾಹನದಲ್ಲಿ ಮಾತ್ರ. ಅದು ಎಲ್ಲಿದೆ ಎಂದು ಹೇಳಲು ಜಿಪಿಎಸ್. ಕಸ ಮುಟ್ಟುವ ಕೆಲಸಗಾರರಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದು ಆಸ್ಪತ್ರೆಯದೇ ಹೊಣೆ. ಕೊಟ್ಟು ಕೈ ತೊಳೆದುಕೊಳ್ಳುವ ಹಾಗಿಲ್ಲ. ಓದುತ್ತಾ ನನಗೆ ನಿಜಕ್ಕೂ ಗೌರವ ಹುಟ್ಟಿತು. ನಮ್ಮ ಮನೆಯ ಸೂಜಿಗೆ ಮಾತ್ರ ಇನ್ನೊಂದು ಪಟ್ಟಿಯೂ ಇತ್ತು. ಅದೇ ವರ್ಷದ ಘನತ್ಯಾಜ್ಯ ನಿಯಮಗಳು ಅದನ್ನು ಪೇಂಟ್ ಡಬ್ಬಿ, ಟ್ಯೂಬ್‌ಲೈಟುಗಳ ಜೊತೆ ‘ಮನೆಯ ಅಪಾಯಕಾರಿ ತ್ಯಾಜ್ಯ’ದ ಪಟ್ಟಿಗೆ ಸೇರಿಸಿದ್ದವು. ಸೂಜಿ ಅದೇ, ರಕ್ತ ಅದೇ, ಬದಲಾದದ್ದು ವಿಳಾಸ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಆಸ್ಪತ್ರೆಯ ನಿಯಮಗಳಲ್ಲೇ ಇದ್ದ ಒಂದು ವ್ಯಾಖ್ಯೆ. ತ್ಯಾಜ್ಯದ ಲಾರಿ ಮಗುಚಿದರೆ, ತ್ಯಾಜ್ಯ ನೀರಿಗೆ ಸೇರಿದರೆ ಅದು ‘ಭಾರೀ ಅಪಘಾತ’. ತಕ್ಷಣ ತಿಳಿಸಬೇಕು, 24 ಗಂಟೆಯೊಳಗೆ ವರದಿ ಕೊಡಬೇಕು. ಸೂಜಿ ಚುಚ್ಚುವುದನ್ನು ಹೆಸರು ಹೇಳಿಯೇ ಆ ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ. ಅದರ ಜಾಗ ವಾರ್ಷಿಕ ವರದಿ.

ಮೊದಲು ಸಿಟ್ಟು ಬಂತು. ಆಮೇಲೆ, ಸರ್ಕಾರ ಇನ್ನು ಹೇಗೆ ಯೋಚಿಸಬೇಕಿತ್ತು ಅನ್ನಿಸಿತು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿ ಹೆಪಟೈಟಿಸ್ ಬಿ ಹರಡಿತು, ಹತ್ತಾರು ಜನ ಸತ್ತರು. ಅಂಥದ್ದನ್ನು ತಡೆಯಬೇಕಾದವರು ತಲೆ ಎಣಿಸಲೇಬೇಕು. ಪ್ರತಿ ಬೆರಳಿಗೂ 24 ಗಂಟೆಯ ವರದಿ ಕೇಳಿದರೆ ಮಗುಚಿದ ಲಾರಿಯ ವರದಿ ಆ ರಾಶಿಯಲ್ಲಿ ಹೂತುಹೋಗುತ್ತದೆ. ತಪ್ಪು ಆ ತಕ್ಕಡಿಯದಲ್ಲ, ಅದನ್ನು ನಾನು ಮನೆಗೆ ತಂದದ್ದು. ‘ಒಂದು ಸೂಜಿ ತಾನೇ’ ಎಂದು ಲೆಕ್ಕ ಹಾಕುವ ಹಕ್ಕು ಸಾವಿರಾರು ಸೂಜಿಗಳನ್ನು ನೋಡಿಕೊಳ್ಳುವವರಿಗೆ ಇರಬಹುದು. ಅವರಿಗೆ ಇದ್ದದ್ದು ಆ ಒಂದೇ ಬೆರಳು. ನನಗೂ ಆ ಬೆಳಿಗ್ಗೆ ಎದುರಿಗಿದ್ದದ್ದು ಅವರೊಬ್ಬರೇ.

ಮರುದಿನ, ಪರೀಕ್ಷೆಗೆ ಹೋಗೋಣ, ಖರ್ಚು ನಂದು ಅಂದೆ. “ಹಾಜರಿ ಹೋಗ್ತದೆ, ಬಿಡಿ” ಅಂದರು. ಕೊನೆಗೆ ಅಮ್ಮನ ರಕ್ತವನ್ನೇ ಪರೀಕ್ಷೆಗೆ ಕೊಟ್ಟೆವು. ಏನೂ ಇರಲಿಲ್ಲ. ಉಸಿರು ಬಿಟ್ಟೆ, ಆಮೇಲೆ ಆ ಉಸಿರಿನ ಮೇಲೇ ಅನುಮಾನ ಬಂತು. ಬರ್ನಾರ್ಡ್ ವಿಲಿಯಮ್ಸ್, ಥಾಮಸ್ ನೇಗೆಲ್ 1976ರಲ್ಲಿ ‘ನೈತಿಕ ಅದೃಷ್ಟ’ದ ಬಗ್ಗೆ ಚರ್ಚೆ ಎತ್ತಿದ್ದು ಇಂಥ ಉಸಿರನ್ನು ಹಿಡಿದೇ ಇರಬೇಕು. ವರದಿ ಬೇರೆ ಥರ ಬಂದಿದ್ದರೆ ನಾನು ಪೇಪರ್ ಸುತ್ತಿದ ರೀತಿಯೇನೂ ಬದಲಾಗುತ್ತಿರಲಿಲ್ಲ. ವರದಿಯ ವಿಷಯ ಹೇಳಿದಾಗ ಅವರು ತಲೆಯಾಡಿಸಿದರು. ಒಂದು ವಾರದಿಂದ ನಿದ್ದೆ ಸರಿ ಇರಲಿಲ್ಲ ಅಂದರು. ಕೆಲಸದ ಅವಸರದಲ್ಲಿ, ಗಾಡಿಯ ಕಡೆ ನೋಡುತ್ತಾ.

ಈಗ ಸೂಜಿಗಳು ಎಣ್ಣೆಯ ಖಾಲಿ ಪ್ಲಾಸ್ಟಿಕ್ ಕ್ಯಾನಿಗೆ ಬೀಳುತ್ತವೆ. ತುಂಬಿದ ಮೇಲೆ ತಗೊಳ್ತೀರಾ ಎಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಕೇಳಿದೆ. “ನಮ್ಮ ಡಬ್ಬಿಗೆ ಬಾರ್‌ಕೋಡ್ ಇದೆ ಸಾರ್, ಹೊರಗಿನದ್ದು ಹಾಕೋ ಹಾಗಿಲ್ಲ” ಅಂದರು. ಕ್ಯಾನು ಮುಕ್ಕಾಲು ತುಂಬಿದೆ.